1945 ಅನ್ನು ಮರೆತು ಬರೆ

ಪ್ರೀತಿಯ ತಂಗಿ,

ಎರಡನೇ ಮಹಾಯುದ್ಧದ ಕಾಲದ ಸಿನಿಮಾಗಳ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ‘ಯುದ್ಧದ ನೋವು ಮರೆಯಲು ಜನ ಥಿಯೇಟರಿಗೆ ಹೋಗುತ್ತಿದ್ದರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿಬಿಟ್ಟಿದ್ದೀಯ. ನಾನು ಅಲ್ಲೇ ನಿಂತೆ. ಮರೆಯೋದಕ್ಕೇ ಹೋಗಿದ್ದರೆ, ಯುದ್ಧವೇ ತುಂಬಿದ ಚಿತ್ರಗಳಿಗೆ ಯಾಕೆ ಅಷ್ಟು ಜನ ಮುಗಿಬೀಳುತ್ತಿದ್ದರು?

ಹಾಲಿವುಡ್‌ನ ‘ಕಾಸಾಬ್ಲಾಂಕಾ’ ಚಿತ್ರವನ್ನೇ ತಗೋ. ಅದರ ಶೂಟಿಂಗ್ ನಡೆದದ್ದು 1942ರ ಬೇಸಿಗೆಯಲ್ಲಿ. ಆಗ ಪ್ಯಾರಿಸ್ ಜರ್ಮನ್ನರ ಕೈಯಲ್ಲಿತ್ತು. ಅವರ ಸೇನೆ ರಷ್ಯಾದ ಒಳಗೊಳಗೆ ನುಗ್ಗುತ್ತಿತ್ತು. ಸಿಂಗಾಪುರ, ಬರ್ಮಾ ಜಪಾನಿನ ವಶವಾಗಿದ್ದವು. ಯಾರು ಗೆಲ್ಲುತ್ತಾರೆ ಅಂತ ಕಥೆ ಬರೆದವರಿಗೆ ಗೊತ್ತಿರಲಿಲ್ಲ, ಟಿಕೆಟ್ ಕೊಂಡವರಿಗೂ ಗೊತ್ತಿರಲಿಲ್ಲ. ಯುದ್ಧ 1945ರಲ್ಲಿ ಹೇಗೆ ಮುಗಿಯಿತು ಅಂತ ನಿನಗೆ ಗೊತ್ತು. ತೊಂದರೆ ಇರುವುದೇ ಅಲ್ಲಿ. 1945 ಅನ್ನು ಜೇಬಿನಲ್ಲಿ ಇಟ್ಟುಕೊಂಡು 1942ರ ಥಿಯೇಟರಿನಲ್ಲಿ ಹೋಗಿ ಕೂತಿದ್ದೀಯ. ಹಾಗಾಗಿ ಪಕ್ಕದ ಸೀಟಿನವರ ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಅನ್ನೋದು ನಿನಗೆ ತಿಳಿಯುತ್ತಿಲ್ಲ.

ಅದರಲ್ಲಿ ಬರುವ ಹಾಡಿನ ದೃಶ್ಯ ನೆನಪಿದೆ ಅಲ್ವಾ? ಕಥಾನಾಯಕ ರಿಕ್‌ನ ಕೆಫೆಯಲ್ಲಿ ಜರ್ಮನ್ ಅಧಿಕಾರಿಗಳು ಪಿಯಾನೋ ಸುತ್ತ ನಿಂತು ತಮ್ಮ ದೇಶದ ಹಾಡು ಹಾಡುತ್ತಿದ್ದಾರೆ. ನಾಜಿಗಳ ವಿರುದ್ಧ ಹೋರಾಡುವ ಲಾಸ್ಲೋ ಸೀದಾ ವಾದ್ಯದವರ ಹತ್ತಿರ ಬಂದು ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ಅವರು ರಿಕ್ ಕಡೆ ನೋಡುತ್ತಾರೆ. ರಿಕ್ ಸಣ್ಣಗೆ ತಲೆಯಾಡಿಸುತ್ತಾನೆ, ಅಷ್ಟೇ. ನೋಡನೋಡುತ್ತಿದ್ದಂತೆ ಕೆಫೆಯ ಜನ ಎದ್ದು ನಿಂತು ಹಾಡುತ್ತಾರೆ, ಜರ್ಮನ್ನರ ದನಿ ಮುಳುಗಿಹೋಗುತ್ತದೆ. ಕ್ಯಾಮೆರಾ ಒಬ್ಬ ಹುಡುಗಿಯ ಮುಖದ ಹತ್ತಿರ ಹೋಗುತ್ತದೆ. ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿದೆ, ಅವಳು ಹಾಡುತ್ತಲೇ ಇದ್ದಾಳೆ. ಅದೇ ಸಂಜೆ ಜರ್ಮನ್ ಅಧಿಕಾರಿಯೊಬ್ಬನ ಜೊತೆ ಕೆಫೆಗೆ ಬಂದವಳು ಅವಳು.

ಆ ಪಾತ್ರ ಮಾಡಿದವರು ಮಡ್ಲೆನ್ ಲೆಬೋ. ಆಗ ಹತ್ತೊಂಬತ್ತರ ಆಸುಪಾಸಿನ ವಯಸ್ಸು. 1940ರಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಮುಟ್ಟುವ ಮುನ್ನ, ನಟ ಮಾರ್ಸೆಲ್ ದಾಲಿಯೋ ಜೊತೆ ಊರು ಬಿಟ್ಟು ಓಡಿಬಂದವರು. ದಾಲಿಯೋ ಯಹೂದಿ. ಇಬ್ಬರೂ ಲಿಸ್ಬನ್‌ವರೆಗೆ ಬಂದು ಹಡಗು ಹತ್ತಿದರು. ಕೈಯಲ್ಲಿದ್ದ ಚಿಲಿ ದೇಶದ ವೀಸಾ ನಕಲಿ ಅಂತ ಮೆಕ್ಸಿಕೋ ತಲುಪಿದ ಮೇಲೆ ಗೊತ್ತಾಯಿತು. ಕೊನೆಗೆ ಕೆನಡಾದ ತಾತ್ಕಾಲಿಕ ಪಾಸ್‌ಪೋರ್ಟ್ ಸಿಕ್ಕಿ ಅಮೆರಿಕ ಸೇರಿದರು. ಕೆಫೆಯ ಜೂಜಿನ ಮೇಜು ನೋಡಿಕೊಳ್ಳುವವನ ಪಾತ್ರದಲ್ಲಿ ಇರುವುದು ಅದೇ ದಾಲಿಯೋ. ದುಷ್ಟ ಜರ್ಮನ್ ಮೇಜರ್ ಆಗಿ ಕಾಣುವ ಕಾನ್ರಾಡ್ ಫೈಟ್ ಕೂಡ ನಾಜಿಗಳ ದೆಸೆಯಿಂದ ಜರ್ಮನಿ ಬಿಟ್ಟು ಬಂದವರು, ಅವರ ಹೆಂಡತಿ ಯಹೂದಿ. ಊರು ಬಿಟ್ಟವರು ಕಾಗದಪತ್ರಕ್ಕಾಗಿ ಪರದಾಡುವ ಕಥೆ ಇದು. ಅದರಲ್ಲಿ ನಟಿಸಿದವರಲ್ಲಿ ಎಷ್ಟೋ ಜನ ನಿಜವಾಗಿ ಹಾಗೇ ಪರದಾಡಿದವರು. ಈ ವಿವರವೆಲ್ಲ ಆಗಿನ ಪ್ರೇಕ್ಷಕರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಆ ಹುಡುಗಿಯ ಕಣ್ಣೀರು ಗ್ಲಿಸರಿನ್‌ದಲ್ಲ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ ಅನ್ನಿಸುತ್ತದೆ ನನಗೆ.

ಕೊನೆಯ ದೃಶ್ಯಕ್ಕೆ ಬಾ. ವಿಮಾನ ನಿಲ್ದಾಣ, ಸುತ್ತ ಮಂಜು. ತಾನು ಪ್ರೀತಿಸಿದವಳನ್ನು ರಿಕ್ ಅವಳ ಗಂಡ ಲಾಸ್ಲೋ ಜೊತೆ ಕಳಿಸಿಬಿಡುತ್ತಾನೆ. ಇದನ್ನು ನೀನು ‘ತ್ಯಾಗದ ಸಂದೇಶ’ ಅಂತ ಕರೆದಿದ್ದೀಯ. ದಯವಿಟ್ಟು ಆ ಮಾತು ಹೊಡೆದುಹಾಕು. 1943ರ ಜನವರಿಯಲ್ಲಿ ಚಿತ್ರ ಅಮೆರಿಕದ ಊರೂರುಗಳಿಗೆ ಬಂದಾಗ ಅಲ್ಲಿ ಕೂತಿದ್ದವರು ಯಾರು? ಗಂಡನನ್ನೋ ಮಗನನ್ನೋ ತಮ್ಮನನ್ನೋ ರೈಲು ಹತ್ತಿಸಿ ಬಂದವರು ಎಷ್ಟೋ ಮಂದಿ. ಅವರಿಗೆ ಯಾರೂ ತ್ಯಾಗದ ಪಾಠ ಮಾಡಬೇಕಿರಲಿಲ್ಲ, ಅದನ್ನು ಮಾಡಿಯೇ ಬಂದಿದ್ದರು. ತಾವು ಸ್ಟೇಷನ್ನಿನಲ್ಲಿ ಆಡಲಾಗದೆ ನುಂಗಿಕೊಂಡ ಮಾತನ್ನು ಪರದೆ ಮೇಲೆ ಒಬ್ಬ ಪೂರ್ತಿ ಆಡಿದ. ಅದಕ್ಕೇ ಅವರು ಅದನ್ನು ಅಷ್ಟು ಹಚ್ಚಿಕೊಂಡರು.

ಬ್ರಿಟನ್ನಿನ ಭಾಗ ನಿನ್ನ ಲೇಖನದಲ್ಲಿ ತುಂಬ ತೆಳ್ಳಗಿದೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದ ಕೂಡಲೇ ಅಲ್ಲಿನ ಸರ್ಕಾರ ಬಾಂಬಿನ ಭಯಕ್ಕೆ ಥಿಯೇಟರುಗಳನ್ನೆಲ್ಲ ಮುಚ್ಚಿಸಿತ್ತು. ಕೆಲವೇ ವಾರಗಳಲ್ಲಿ ಮತ್ತೆ ತೆರೆಸಬೇಕಾಯಿತು. ಆಮೇಲೆ ಸೈರನ್ ಕೂಗಿದರೆ ಪರದೆ ಮೇಲೆ ಸೂಚನೆ ಬರುತ್ತಿತ್ತು, ಹೋಗುವವರು ಹೋಗಬಹುದು. ಬಹಳ ಜನ ಕೂತೇ ಇರುತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ವಾರಕ್ಕೆ ಸುಮಾರು 3 ಕೋಟಿ ಟಿಕೆಟ್ ಖರ್ಚಾಗುತ್ತಿದ್ದವು, ದೇಶದ ಜನಸಂಖ್ಯೆ 5 ಕೋಟಿಯೂ ಇಲ್ಲ. ಟಿವಿ ಪ್ರಸಾರ ನಿಂತಿತ್ತು. ಯುದ್ಧವನ್ನು ಕಣ್ಣಾರೆ ನೋಡಲು ಚಿತ್ರದ ಮುಂಚೆ ತೋರಿಸುವ ವಾರ್ತಾಚಿತ್ರ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮರೆಯಲು ಬಂದವರು ಹೀಗೆ ಇರುತ್ತಾರಾ?

ನಮ್ಮ ದೇಶದ್ದನ್ನೂ ನೀನು ಬಿಟ್ಟಿದ್ದೀಯ, ಅದು ದೊಡ್ಡ ಕೊರತೆ. 1943ರಲ್ಲಿ ಬಾಂಬೆ ಟಾಕೀಸ್ ಕಂಪನಿಯ ಹಿಂದಿ ಚಿತ್ರ ‘ಕಿಸ್ಮತ್’ ಬಂತು. ಅಶೋಕ್ ಕುಮಾರ್ ಅದರಲ್ಲಿ ಜೇಬುಗಳ್ಳ. ಯುದ್ಧದ ಚಿತ್ರವೇ ಅಲ್ಲ ಅದು. ಆದರೆ ಕವಿ ಪ್ರದೀಪ್ ಬರೆದ ಒಂದು ಹಾಡು ಅದರಲ್ಲಿದೆ. ಹಿಂದೂಸ್ತಾನ ನಮ್ಮದು, ಹೊರಗಿನವರೇ ದೂರ ಸರಿಯಿರಿ ಅಂತ ಅದರ ಅರ್ಥ. ಜರ್ಮನ್ನರಿಗೂ ಜಪಾನಿಯರಿಗೂ ತಲೆಬಾಗಬೇಡಿ ಅನ್ನುವ ಸಾಲೂ ಇತ್ತು, ಆ ನೆಪದಲ್ಲಿ ಸೆನ್ಸಾರ್ ದಾಟಿತು. ಕೇಳಿದ ಜನಕ್ಕೆ ಹೊರಗಿನವರು ಯಾರು ಅಂತ ಗೊತ್ತಾಗದೇ ಇರುತ್ತಾ? ಕ್ವಿಟ್ ಇಂಡಿಯಾ ಚಳವಳಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ನಾಯಕರೆಲ್ಲ ಜೈಲಿನಲ್ಲಿದ್ದರು. ಬಂಧನದ ಭಯಕ್ಕೆ ಪ್ರದೀಪ್ ತಲೆಮರೆಸಿಕೊಳ್ಳಬೇಕಾಯಿತು. ಕಲ್ಕತ್ತಾದ ರಾಕ್ಸಿ ಥಿಯೇಟರಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ಯಾವ ಕಲ್ಕತ್ತಾ ಅಂದುಕೊಂಡೆ? 1942ರ ಡಿಸೆಂಬರಿನಲ್ಲಿ ಜಪಾನಿ ಬಾಂಬು ಬಿದ್ದ ಊರು. 1943ರಲ್ಲಿ ಹಳ್ಳಿಗಳಿಂದ ಬಂದವರು ಅನ್ನವಿಲ್ಲದೆ ಬೀದಿಯಲ್ಲೇ ಸತ್ತ ಊರು. ಇದನ್ನು ಹೇಳದೆ ‘ಭಾರಿ ಹಿಟ್’ ಅಂತ ಸುಮ್ನೆ ಬರೆದರೆ ಏನೂ ಹೇಳಿದಂತೆ ಆಗಲ್ಲ.

ಇನ್ನೊಂದು ವಿಷಯ, ಬರೆಯಲು ಕಷ್ಟವಾದದ್ದು. ತಪ್ಪಿಸಿಕೊಳ್ಳಬೇಡ. 1942ರಲ್ಲೇ ನಾಜಿ ಜರ್ಮನಿಯಲ್ಲಿ ‘ದಿ ಗ್ರೋಸ ಲೀಬ’ ಅನ್ನುವ ಚಿತ್ರ ಬಂತು. ‘ಮಹಾ ಪ್ರೇಮ’ ಅಂತ. ಒಬ್ಬ ವಾಯುಪಡೆಯ ಅಧಿಕಾರಿ, ಒಬ್ಬ ಗಾಯಕಿ. ಪ್ರತಿ ಸಲ ಯುದ್ಧದ ಕರೆ ಬಂದು ಅವರನ್ನು ದೂರ ಮಾಡುತ್ತದೆ. ಎರಡೂವರೆ ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾಯಿತು. ಅಲ್ಲೂ ಕಾಯುವ ಹೆಂಗಸರು ಇದ್ದರು, ಅವರೂ ತಮ್ಮ ಕಥೆ ನೋಡಲು ಬಂದರು. ಜನ ಮೆಚ್ಚಿದರು ಅಂದ ಮಾತ್ರಕ್ಕೆ ಆ ಚಿತ್ರದ ಉದ್ದೇಶ ಒಳ್ಳೆಯದಾಗಲ್ಲ. ಹಾಲಿವುಡ್‌ನಲ್ಲೂ ಸರ್ಕಾರದ ಯುದ್ಧ ಪ್ರಚಾರ ಇಲಾಖೆ ಸ್ಕ್ರಿಪ್ಟ್‌ಗಳನ್ನು ಓದಿ ಸಲಹೆ ಕೊಡುತ್ತಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗು ಅನ್ನುತ್ತಿಲ್ಲ. ಒಂದು ಚಿತ್ರದಲ್ಲಿ ಓಡಿಬಂದವರು ಹಾಡುತ್ತಿದ್ದಾರೆ, ಇನ್ನೊಂದು ಅವರನ್ನು ಓಡಿಸಿದವರದ್ದು. ಆ ವ್ಯತ್ಯಾಸ ಬರೆಯಲೇಬೇಕು. ಆದರೆ ಸೀಟಿನಲ್ಲಿ ಕೂತವರ ಕಳವಳ ಎರಡೂ ಕಡೆ ಒಂದೇ ಥರ ಇತ್ತು, ಅದನ್ನೂ ಬರೆಯಲೇಬೇಕು. ನಿನ್ನ ಓದುಗರಿಗೆ ಇಷ್ಟವಾಗುತ್ತೋ ಇಲ್ಲವೋ ಅಂತ ನೋಡಬೇಡ.

ಈಗ ಏನು ಮಾಡುತ್ತೀಯ ಅಂದರೆ, ವಿಮರ್ಶೆಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡು. ಹಳೆಯ ಪತ್ರಿಕೆಗಳಿರುವ ಲೈಬ್ರರಿಗೆ ಹೋಗಿ 1942–43ರ ಸಂಚಿಕೆ ತೆಗೆಸು. ಸಿನಿಮಾ ಜಾಹೀರಾತು ಇರುವ ದಿನದ ಇಡೀ ಪತ್ರಿಕೆ ಓದು, ಯುದ್ಧದ ಸುದ್ದಿ ಏನಿದೆ, ಅಕ್ಕಿಯ ಸುದ್ದಿ ಏನಿದೆ, ಎಲ್ಲ ಬರೆದುಕೋ. ಬೆಂಗಳೂರಿನ ಕಂಟೋನ್ಮೆಂಟ್‌ನಲ್ಲಿ ಆಗ ಸೈನಿಕರು ತುಂಬಿದ್ದರು, ಪ್ಲಾಜಾ, ರೆಕ್ಸ್ ಥಿಯೇಟರುಗಳು ನಡೆಯುತ್ತಿದ್ದವು. ಆ ಕಾಲದಲ್ಲಿ ಸಿನಿಮಾ ನೋಡಿದವರಿಗೆ ಈಗ 90 ದಾಟಿರುತ್ತದೆ. ನಿನಗೆ ಗೊತ್ತಿರುವ ಮನೆಗಳಲ್ಲಿ ಅಂಥ ಅಜ್ಜ ಅಜ್ಜಿ ಯಾರಾದರೂ ಇದ್ದರೆ ಇದೇ ತಿಂಗಳು ಹೋಗಿ ಮಾತಾಡಿಸು, ಮುಂದೂಡಬೇಡ. ಸಿನಿಮಾ ಹೇಗಿತ್ತು ಅಂತ ಕೇಳಬೇಡ. ಯಾರ ಜೊತೆ ಹೋಗಿದ್ರಿ, ದುಡ್ಡು ಯಾರು ಕೊಟ್ಟರು, ಆಗ ಮನೆಯಿಂದ ಯಾರಾದರೂ ಸೇನೆಯಲ್ಲಿ ಇದ್ದರಾ, ಇದನ್ನೆಲ್ಲ ಕೇಳು. ಆಮೇಲೆ ಎರಡನೇ ಕರಡು ಬರೆದು ಕಳಿಸು. ಉದ್ದ ಜಾಸ್ತಿ ಆದರೂ ಪರವಾಗಿಲ್ಲ, ಕತ್ತರಿ ಇಬ್ಬರೂ ಕೂತು ಆಡಿಸೋಣ.

ಇಂತಿ,
ನಿನ್ನ ಅಕ್ಕ