ಮತ್ತೆ ಮೆಟ್ಟಿಲು ಹತ್ತಿಸಿದವರಿಗೆ

ಕಳೆದ ಭಾನುವಾರ ಸಂಜೆ ಕಾಪು ಲೈಟ್‌ಹೌಸಿನ ತುದಿ ತಲುಪಿದೆ. ಹೃದಯದ ವಾಲ್ವ್ ಬದಲಾಯಿಸಿಕೊಂಡ ಮೇಲೆ ನಾನು ಹತ್ತಿದ ಮೊದಲ ದೀಪಸ್ತಂಭ ಅದು. ತುಂಬಾ ಜನರಿಗೆ ಥ್ಯಾಂಕ್ಸ್ ಹೇಳಬೇಕಿದೆ. ಒಬ್ಬೊಬ್ಬರಿಗೇ ಫೋನ್ ಮಾಡಿದರೆ ಮಾತು ಮುಗಿಯುವ ಮೊದಲೇ ಅಳು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಶಿವಮೊಗ್ಗದವರು. ಸಮುದ್ರ ನೋಡಬೇಕೆಂದರೆ ಘಾಟಿ ಇಳಿಯಲೇಬೇಕು. ಆದರೂ ಮಕ್ಕಳು ಚಿಕ್ಕವರಿದ್ದಾಗಿನಿಂದ ರಜೆ ಬಂತೆಂದರೆ ನಮ್ಮದು ಲೈಟ್‌ಹೌಸ್ ಪ್ರಯಾಣ. ಈ ಅಭ್ಯಾಸ ಹಚ್ಚಿದ್ದು ನಮ್ಮ ಮನೆಯವರು. ಪ್ರತಿ ಲೈಟ್‌ಹೌಸಿನ ಬೆಳಕಿಗೂ ತನ್ನದೇ ಲಯ ಇರುತ್ತದೆ, ಎಷ್ಟು ಸಲ ಮಿಂಚುತ್ತದೆ, ಎಷ್ಟು ಸೆಕೆಂಡ್ ಬಿಡುವು ಕೊಡುತ್ತದೆ ಎನ್ನುವುದರ ಮೇಲೆ ಕತ್ತಲಲ್ಲಿರುವ ಹಡಗಿನವರು ಇದು ಯಾವ ಊರು ಅಂತ ಗುರುತಿಸುತ್ತಾರೆ. ಅವರು ಇದನ್ನು ಹೇಳಿಕೊಟ್ಟ ಮೇಲೆ ಮಗನ ಕೈಯಲ್ಲಿ ಸದಾ ಸ್ಟಾಪ್‌ವಾಚ್.

ನನ್ನ ತೊಂದರೆ ಮೊದಲು ಕಾಣಿಸಿದ್ದು ಕೇರಳದ ಆಲಪ್ಪುಳದ ಲೈಟ್‌ಹೌಸಿನಲ್ಲಿ. ಅದು 1862ರದ್ದು. ಶುರುವಿನಲ್ಲಿ ಅಲ್ಲಿ ತೆಂಗಿನೆಣ್ಣೆಯ ದೀಪ ಉರಿಯುತ್ತಿತ್ತಂತೆ. ಒಳಗಿನ ಸುತ್ತು ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ನನಗೆ ಉಸಿರು ಸಿಗಲಿಲ್ಲ. ವಯಸ್ಸಾಯಿತು, ತೂಕ ಜಾಸ್ತಿ ಆಯಿತು ಅಂತ ಮನೆಯವರೆಲ್ಲ ಅಂದುಕೊಂಡಿದ್ದೆವು. ಅಲ್ಲಿನ ಸಿಬ್ಬಂದಿಯೊಬ್ಬರು ಮಾತ್ರ ಹಾಗೆ ಬಿಡಲಿಲ್ಲ. ಕೈ ಹಿಡಿದು ಇಳಿಸಿದರು, ಕುರ್ಚಿ ಹಾಕಿದರು, ನೀರು ಕೊಟ್ಟರು. "ಇದು ಸುಮ್ನೆ ಸುಸ್ತಲ್ಲ, ಊರಿಗೆ ಹೋದ ತಕ್ಷಣ ಹಾರ್ಟ್ ಡಾಕ್ಟರ್ ಹತ್ತಿರ ತೋರಿಸಿ" ಅಂತ ಅರ್ಧ ಇಂಗ್ಲಿಷ್, ಅರ್ಧ ಮಲಯಾಳದಲ್ಲಿ ಮತ್ತೆ ಮತ್ತೆ ಹೇಳಿದರು. ತೋರಿಸಿದೆವು. ಚಿಕ್ಕವಳಿದ್ದಾಗ ಬಂದಿದ್ದ ರುಮ್ಯಾಟಿಕ್ ಜ್ವರ ಮೈಟ್ರಲ್ ವಾಲ್ವನ್ನು ಹಾಳು ಮಾಡಿತ್ತು. ವಾಲ್ವ್ ಗಟ್ಟಿಯಾಗಿ ಕಿರಿದಾಗಿತ್ತು, ಹಿಂದೆ ಉಳಿದ ರಕ್ತದ ಒತ್ತಡ ಶ್ವಾಸಕೋಶದ ಮೇಲೆ ಬೀಳುತ್ತಿತ್ತು. ಮೆಟ್ಟಿಲಲ್ಲಿ ಏದುಸಿರು ಬರುತ್ತಿದ್ದದ್ದು ಅದರಿಂದಲೇ.

ಆಪರೇಷನ್‌ಗೆ ರಕ್ತ ಕೊಟ್ಟ ಮಗನ ಕಾಲೇಜಿನ ಹುಡುಗರೇ, ನಿಮ್ಮಲ್ಲಿ ಅರ್ಧ ಜನರ ಮುಖವನ್ನೂ ನಾನು ನೋಡಿಲ್ಲ. ಮನೆಗೆ ಬನ್ನಿ, ಊಟ ಬಡಿಸಬೇಕು. ಐಸಿಯುನಲ್ಲಿ ರಾತ್ರಿಯಿಡೀ ಪಕ್ಕದಲ್ಲಿದ್ದು, ಎದೆ ಹಿಡಿದುಕೊಂಡು ಕೆಮ್ಮುವುದನ್ನು ಕಲಿಸಿದ ನರ್ಸ್ ಅಕ್ಕ, ನಿಮ್ಮ ಋಣ ದೊಡ್ಡದು. ನಮ್ಮ ಅತ್ತಿಗೆ ಮನೆ ಬಿಟ್ಟು ಬಂದು ನಮ್ಮಲ್ಲೇ ಇದ್ದು, ಉಪ್ಪು ಕಮ್ಮಿ ಹಾಕಿಯೂ ರುಚಿಯಾಗಿ ಸಾರು ಮಾಡಿಕೊಟ್ಟರು.

ಗೆಳೆಯರೇ, ಹಾಸಿಗೆಯಲ್ಲಿದ್ದ ದಿನಗಳಲ್ಲಿ ನನ್ನನ್ನು ಉಳಿಸಿದ್ದು ನೀವು ಕಳಿಸಿದ ವಿಡಿಯೋಗಳು. ಕೊಲ್ಲಂ ಹತ್ತಿರದ ತಂಗಶ್ಶೇರಿಯಿಂದ, ಗೋವಾದಿಂದ, ವಿಶಾಖಪಟ್ಟಣದಿಂದ ರಾತ್ರಿ ದೀಪ ತಿರುಗುವುದನ್ನು ಚಿತ್ರೀಕರಿಸಿ ಕಳಿಸಿದಿರಿ, ಊರ ಹೆಸರು ಬೇಕೆಂದೇ ಬಿಟ್ಟಿದ್ದಿರಿ. ನಾವು ಮಿಂಚು ಎಣಿಸಿ ಊರು ಹುಡುಕಬೇಕು, ಅದೇ ಆಟ. ನನಗೆ ಹಾಕಿದ್ದು ಲೋಹದ ವಾಲ್ವ್. ಮನೆ ನಿಶ್ಶಬ್ದವಾದಾಗ ಟಿಕ್ ಟಿಕ್ ಕೇಳುತ್ತದೆ. ಒಂದು ರಾತ್ರಿ ಮಗಳು ಎದೆಗೆ ಕಿವಿಯಿಟ್ಟು, "ಅಮ್ಮನದೂ ಬರೆದುಕೋ ಅಣ್ಣಾ" ಅಂದಳು. ಆ ಶಬ್ದದ ಹೆದರಿಕೆ ಅವತ್ತೇ ಹೋಯಿತು.

ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರ್ ಹೇಳಿದ್ದ ಕಾಲದಲ್ಲಿ ನಮ್ಮವರು ನನ್ನನ್ನು ಚೆನ್ನೈಗೆ ಕರೆದುಕೊಂಡು ಹೋದರು. ಮರೀನಾದ ಲೈಟ್‌ಹೌಸಿಗೆ ಲಿಫ್ಟ್ ಇದೆ! 1977ರಲ್ಲಿ ಆ ಲೈಟ್‌ಹೌಸ್ ಶುರುವಾಗುವವರೆಗೆ ಆ ಊರಿನ ದೀಪ ಉರಿಯುತ್ತಿದ್ದದ್ದು ಹೈಕೋರ್ಟಿನ ಗುಮ್ಮಟದ ಮೇಲೆ. ಅಷ್ಟು ದೂರ, ನನಗೋಸ್ಕರ ಒಂದು ಲಿಫ್ಟ್ ಹುಡುಕಿಕೊಂಡು ಬಂದರಲ್ಲ ಇವರು. ಏನು ಹೇಳಲಿ?

ಇನ್ನು ಕಾಪು. 1901ರ ಗೋಪುರ, 27 ಮೀಟರ್ ಎತ್ತರ, ಅದೂ ಬಂಡೆಯ ಮೇಲೆ. ಡಾಕ್ಟರ್ ಒಪ್ಪಿಗೆ ಕೊಟ್ಟಿದ್ದರು, ಆದರೆ ನಿಂತು ನಿಂತು ಹತ್ತಬೇಕು. ಹಿಂದೆ ಬಂದ ಯಾತ್ರಿಕರೆಲ್ಲ ನನ್ನಿಂದಾಗಿ ಕಾಯಬೇಕಾಯಿತು. ಯಾರೂ ಗೊಣಗಲಿಲ್ಲ. ಒಬ್ಬ ಅಜ್ಜಿ ತುಳುವಿನಲ್ಲಿ ಏನೋ ಹೇಳಿ ಬೆನ್ನು ಸವರಿದರು. ಅಲ್ಲಿನ ಸಿಬ್ಬಂದಿ ಅವಸರ ಮಾಡಿಸಲಿಲ್ಲ. ನಾನು ಸುಧಾರಿಸಿಕೊಳ್ಳುವಷ್ಟು ಹೊತ್ತು ಮಕ್ಕಳಿಗೆ ಲೆನ್ಸಿನ ಕಥೆ ಹೇಳಿದರು. ಉಂಗುರ ಉಂಗುರವಾಗಿ ಕತ್ತರಿಸಿದ ಆ ಗಾಜು ಚಿಕ್ಕ ದೀಪದ ಬೆಳಕನ್ನು ಒಟ್ಟುಗೂಡಿಸಿ ದೂರಕ್ಕೆ ಕಳಿಸುತ್ತದೆ. ಹಗಲು ಬಿಸಿಲು ಅದೇ ಗಾಜಿನಿಂದ ಒಳಗೆ ಒಂದೇ ಕಡೆ ಬಿದ್ದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಅದಕ್ಕೇ ಲೈಟ್‌ಹೌಸುಗಳಲ್ಲಿ ಬೆಳಗ್ಗೆ ಪರದೆ ಎಳೆಯುವ ಪದ್ಧತಿ. ಆ ತಾಳ್ಮೆಗೆ ನಮಸ್ಕಾರ.

ಒಂದು ಬಾಕಿ ಉಳಿದಿದೆ. ಆಲಪ್ಪುಳದ ಆ ಚೇಟ್ಟನ (ಮಲಯಾಳದಲ್ಲಿ ಅಣ್ಣ) ಹೆಸರು ಕೇಳಿಕೊಳ್ಳಲಿಲ್ಲ, ಅವತ್ತು ಯಾರಿಗೂ ಅಷ್ಟು ವ್ಯವಧಾನ ಇರಲಿಲ್ಲ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ, ದಪ್ಪ ಮೀಸೆ, ಮೃದು ಮಾತಿನವರು, ದಯವಿಟ್ಟು ವಿಚಾರಿಸಿ. ಅವತ್ತು ಮೆಟ್ಟಿಲಲ್ಲಿ ಕುಸಿದ ಕರ್ನಾಟಕದ ಹೆಂಗಸು ಈಗ ಚೆನ್ನಾಗಿದ್ದಾಳೆ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾಳೆ, ಕಾಪು ಹತ್ತಿದಳು ಅಂತ ಹೇಳಿ.