ಹಿಮಾದ್ರಿಯ ಊರಿನಿಂದ ಹಾರಿದ ವೈಮಾನಿಕ

ಮಾನ್ಯ ಸಂಪಾದಕರೇ,

ಆರ್ಕ್ಟಿಕ್ ಪ್ರದೇಶದ ನ್ಯೂ ಓಲೆಸುಂಡ್‌ನಲ್ಲಿ 2008ರಿಂದ ಕೆಲಸ ಮಾಡುತ್ತಿರುವ ಭಾರತದ ಸಂಶೋಧನಾ ಕೇಂದ್ರ 'ಹಿಮಾದ್ರಿ'ಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆ ಊರಿನ ಇತಿಹಾಸವನ್ನು ಲೇಖಕರು 'ಅಮುಂಡ್ಸೆನ್ ಇಲ್ಲಿಂದಲೇ ಧ್ರುವದತ್ತ ಹಾರಿದರು' ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ನಾರ್ವೆಯ ಧ್ರುವಾನ್ವೇಷಕ ಅಮುಂಡ್ಸೆನ್ ಹಾರಿದ್ದು ನಿಜ. ಆದರೆ 1925ರಲ್ಲಿ ಅವರು ಕುಳಿತಿದ್ದ ವಿಮಾನವನ್ನು ನಡೆಸಿದವರು ನಾರ್ವೆಯ ನೌಕಾಪಡೆಯ ವೈಮಾನಿಕ ಯಾಲ್ಮಾರ್ ರೀಸರ್-ಲಾರ್ಸನ್. ಅವರ ಹೆಸರು ಲೇಖನದಲ್ಲಿ ಎಲ್ಲಿಯೂ ಇಲ್ಲದಿರುವುದರಿಂದ ಈ ಪತ್ರ.

1925ರ ಮೇ 21ರಂದು ಎರಡು ಡಾರ್ನಿಯರ್ ವಾಲ್ ವಿಮಾನಗಳಲ್ಲಿ ಹೊರಟ ಆರು ಮಂದಿ ಧ್ರುವಕ್ಕೆ ಇನ್ನೂ ಎರಡು ಡಿಗ್ರಿಗೂ ಹೆಚ್ಚು ದೂರವಿರುವಾಗಲೇ ಇಳಿಯಬೇಕಾಯಿತು. ಒಂದು ವಿಮಾನ ಕೆಟ್ಟು ಕೈಬಿಟ್ಟಿತು. ಉಳಿದ ಇನ್ನೊಂದರಲ್ಲೇ ಆರು ಮಂದಿಯೂ ಹಿಂತಿರುಗಬೇಕಿತ್ತು. ದಿನದ ಊಟವನ್ನು ಅಳೆದು ತಿನ್ನುತ್ತ, ಕೊಡಲಿ, ಮರದ ಸಲಿಕೆಗಳಂಥ ಅಲ್ಪ ಉಪಕರಣಗಳಿಂದ ಅವರು ನೂರಾರು ಟನ್ ಮಂಜುಗಡ್ಡೆಯನ್ನು ಕಡಿದು ಸರಿಸಿದರು. ಒಂದು ಓಡುದಾರಿ ಸಿದ್ಧವಾಗುವಷ್ಟರಲ್ಲಿ ಹಿಮ ಬಿರಿಯುತ್ತಿತ್ತು, ಮತ್ತೆ ಬೇರೆ ಜಾಗ ಹುಡುಕಬೇಕಾಗುತ್ತಿತ್ತು. ಕೊನೆಗೆ ತಂಡದ ಓಮ್ದಾಲ್, ಹಿಮವನ್ನು ತೋಡಿ ಎಸೆಯುವ ಬದಲು ಕಾಲಿನಿಂದ ತುಳಿದು ಗಟ್ಟಿ ಮಾಡಿದರೆ ಸಾಕೆಂದು ಕಂಡುಕೊಂಡರು. ನಮ್ಮ ಕಣದಲ್ಲಿ ನೆಲವನ್ನು ತುಳಿದು ಹದ ಮಾಡುವ ಕೆಲಸ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಜೂನ್ 15ರಂದು, ಬೇಡದ ಸಾಮಾನನ್ನೆಲ್ಲ ಹಿಮದ ಮೇಲೆ ಬಿಟ್ಟು, ರೀಸರ್-ಲಾರ್ಸನ್ ಆ ಹೊರೆ ತುಂಬಿದ ವಿಮಾನವನ್ನು ಮೇಲೆತ್ತಿದರು. ನ್ಯೂ ಓಲೆಸುಂಡ್ ಇರುವ ದ್ವೀಪಸಮೂಹವಾದ ಸ್ವಾಲ್ಬಾರ್ಡ್‌ನ ಅಂಚು ತಲುಪಿದಾಗ ಇಂಧನ ಮುಗಿಯುತ್ತ ಬಂದಿತ್ತು.

ಮರುವರ್ಷ ಅದೇ ಊರಿನಿಂದ 'ನಾರ್ಗೆ' ವಾಯುನೌಕೆ ಹದಿನಾರು ಮಂದಿಯೊಂದಿಗೆ ಹೊರಟು, ಮೇ 12ರಂದು ಧ್ರುವವನ್ನು ದಾಟಿ ಅಲಾಸ್ಕ ಸೇರಿತು. ಅದರ ದಿಕ್ಕು ನಿರ್ಣಯಿಸುವ ಹೊಣೆಯೂ ರೀಸರ್-ಲಾರ್ಸನ್ ಅವರದೇ. 1928ರಲ್ಲಿ ಇಟಲಿಯ ನೊಬಿಲೆಯವರ 'ಇಟಾಲಿಯಾ' ವಾಯುನೌಕೆ ಹಿಮದ ಮೇಲೆ ಅಪಘಾತಕ್ಕೀಡಾದಾಗ ಇವರೂ ನಾರ್ವೆಯ ಇನ್ನೊಬ್ಬ ವೈಮಾನಿಕ ಲುಟ್ಸೊ-ಹಾಲ್ಮ್ ಅವರೂ ಹುಡುಕಲು ಹಾರಿದರು. ಹಿಮದ ಮೇಲಿದ್ದವರಿಗೆ ಈ ವಿಮಾನಗಳು ಕಂಡವು, ವಿಮಾನದಲ್ಲಿದ್ದವರಿಗೆ ಮಾತ್ರ ಅವರು ಕಾಣಲಿಲ್ಲ. ಅದೇ ಹುಡುಕಾಟಕ್ಕೆ ಬೇರೊಂದು ವಿಮಾನದಲ್ಲಿ ಹೊರಟ ಅಮುಂಡ್ಸೆನ್, 1925ರ ಜೊತೆಗಾರ ವೈಮಾನಿಕ ಡೀಟ್ರಿಕ್ಸನ್ ಸಹಿತ, ಮರಳಲೇ ಇಲ್ಲ.

ನನ್ನ ಮಟ್ಟಿಗೆ ರೀಸರ್-ಲಾರ್ಸನ್ ಅವರ ಹೆಚ್ಚಿನ ಸಾಧನೆ ಇದರ ನಂತರದ್ದು. 1940ರಲ್ಲಿ ಜರ್ಮನಿ ನಾರ್ವೆಯನ್ನು ಆಕ್ರಮಿಸಿಕೊಂಡ ಮೇಲೆ, ದೇಶ ಬಿಟ್ಟು ಬಂದ ತರುಣರಿಗಾಗಿ ಕೆನಡಾದ ಟೊರಾಂಟೊದಲ್ಲಿ 'ಲಿಟ್ಲ್ ನಾರ್ವೆ' ಎಂಬ ವೈಮಾನಿಕ ತರಬೇತಿ ಶಿಬಿರ ಎದ್ದಿತು. ಅದನ್ನು ಕಟ್ಟುವಲ್ಲಿ ಇವರು ಮುಂದಾಳಾಗಿದ್ದರು. ನಾರ್ವೆಯ ಭೂಸೇನೆಗೂ ನೌಕಾಪಡೆಗೂ ಬೇರೆಬೇರೆಯಾಗಿದ್ದ ವೈಮಾನಿಕ ದಳಗಳು 1944ರ ನವೆಂಬರ್‌ನಲ್ಲಿ ಒಂದಾಗಿ ಸ್ವತಂತ್ರ ವಾಯುಪಡೆಯಾದಾಗ ಅದರ ನೇತೃತ್ವ ಇವರಿಗೆ ಬಂತು. 1965ರಲ್ಲಿ ತೀರಿಕೊಂಡರು.

ನಮಗೆ ಇನ್ನೊಂದು ಸಂಬಂಧವೂ ಇದೆ. ಅಂಟಾರ್ಕ್ಟಿಕಾದಲ್ಲಿ ನಮ್ಮ 'ಮೈತ್ರಿ' ಕೇಂದ್ರವಿರುವ ಕ್ವೀನ್ ಮಾಡ್ ಲ್ಯಾಂಡ್‌ನ ತೀರವನ್ನು 1929-30ರಲ್ಲಿ 'ನಾರ್ವೇಜಿಯಾ' ಹಡಗಿನಿಂದ ವಿಮಾನವೇರಿ ಗುರುತಿಸಿದವರಲ್ಲಿ ಇವರೂ ಒಬ್ಬರು. ಅಲ್ಲಿ ಕಡಲಿಗೆ ಚಾಚಿಕೊಂಡ ಮಂಜುಗಡ್ಡೆಯ ಒಂದು ದೊಡ್ಡ ಹರಹಿಗೆ ಇವರದೇ ಹೆಸರಿದೆ. ತಾವು ಮುಂದೆ 'ಮೈತ್ರಿ'ಯ ಬಗ್ಗೆ ಬರೆಸುವಾಗಲಾದರೂ ಈ ಹೆಸರಿಗೆ ಒಂದಿಷ್ಟು ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತು,
ಓರ್ವ ಓದುಗ, ಧಾರವಾಡ