ಸೋತ ಕೈಗೂ ಕೆಲಸ ಕೊಡೋಣ

ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಹೊರಡುವ ಮಲೆನಾಡಿನ ಸದಸ್ಯರು ನಮ್ಮ ಕೂಟದಲ್ಲಿ ಹಲವರಿದ್ದಾರೆ. ಕೆಲವರ ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಲಕ್ವ ಹೊಡೆದು ಒಂದು ಕೈ ಸೋತಿದೆ. ಅಪರೂಪಕ್ಕೆ ಹೋಗುವ ನಾವು ತುತ್ತು ಮಾಡಿ ತಿನ್ನಿಸುತ್ತೇವೆ, ಅಂಗಿಯ ಗುಂಡಿ ಹಾಕುತ್ತೇವೆ, ಲೋಟವನ್ನು ತುಟಿಯವರೆಗೂ ಹಿಡಿಯುತ್ತೇವೆ. ಎಡ್ವರ್ಡ್ ಟಾಬ್ ಅವರ ಸಂಶೋಧನೆಯ ಬಗ್ಗೆ ಓದಿದ ಮೇಲೆ, ಈ ಉಪಚಾರವನ್ನು ಸ್ವಲ್ಪ ಕಡಿಮೆ ಮಾಡಬೇಕೆಂದು ನನಗೆ ಬಲವಾಗಿ ಅನ್ನಿಸಿದೆ.

ಟಾಬ್ ಅಮೆರಿಕದ ಬರ್ಮಿಂಗ್‌ಹ್ಯಾಮಿನ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ದುಡಿದ ಮನೋವಿಜ್ಞಾನಿ. ಅವರ ಪ್ರಯೋಗಗಳಲ್ಲಿ, ಕೋತಿಯ ಒಂದು ಕೈಯಿಂದ ಸಂವೇದನೆ ಒಯ್ಯುವ ನರಗಳನ್ನು ಕತ್ತರಿಸಿದರೆ ಅದು ಆ ಕೈಯನ್ನು ಬಳಸುವುದನ್ನೇ ಬಿಡುತ್ತಿತ್ತು. ಒಳ್ಳೆಯ ಕೈಯನ್ನು ಕಟ್ಟಿದರೆ ಸೋತ ಕೈಯನ್ನೇ ಚಾಚುತ್ತಿತ್ತು! (ಆ ಪ್ರಯೋಗಗಳ ಬಗ್ಗೆ 1981ರಲ್ಲಿ ದೊಡ್ಡ ವಿವಾದವೆದ್ದಿತು. ಕೋತಿಗಳ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ.) ಕೈಯಲ್ಲಿ ಶಕ್ತಿ ಉಳಿದಿತ್ತು, ಮೊದಮೊದಲು ಯತ್ನಿಸಿ ವಿಫಲವಾದದ್ದರಿಂದ ಪ್ರಾಣಿ ಅದನ್ನು ಕೈಬಿಟ್ಟಿತ್ತು. ಲಕ್ವ ಹೊಡೆದವರಲ್ಲೂ ಹೀಗಾಗುತ್ತದೆ ಎಂದರು ಟಾಬ್. ಅವರು ರೂಪಿಸಿದ ಚಿಕಿತ್ಸೆಯಲ್ಲಿ ಎರಡು ವಾರ, ಎಚ್ಚರವಿರುವ ಹೊತ್ತಿನ ಬಹುಪಾಲು ಒಳ್ಳೆಯ ಕೈಗೆ ದಪ್ಪ ಕೈಗವಸು, ಸೋತ ಕೈಗೆ ಗಂಟೆಗಟ್ಟಲೆ ಅಭ್ಯಾಸ. 222 ರೋಗಿಗಳನ್ನು ಒಳಗೊಂಡು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾದವರ ಕೈಯೂ ಸುಧಾರಿಸಿತು. ವರ್ಷ ಕಳೆದರೂ ಆ ಲಾಭ ಉಳಿದಿತ್ತು.

ನಮ್ಮ ಮನೆಗಳಲ್ಲಿ ಅಭ್ಯಾಸಕ್ಕೆ ಉಪಕರಣಗಳೇ ಬೇಕಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಮಾತ್ರ ಕೂರಿಸಬೇಡಿ. ಒಣಗಿದ ಅಡಿಕೆಯನ್ನು ಮೊರದಲ್ಲಿ ಹರಡಿ, ಸೋತ ಕೈಯಿಂದಲೇ ಆರಿಸಿ ಬುಟ್ಟಿಗೆ ಹಾಕಲು ಹೇಳಿ. ಅಡಿಕೆಯ ಬಗೆಗಳಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು ಎಂದು ಅವರಿಗೆ ಹೇಳಿಕೊಡಬೇಕೇ? ಹೆಬ್ಬೆರಳು ತೋರುಬೆರಳಿಗೆ ತಾಗುವಷ್ಟರಲ್ಲಿ ಅಡಿಕೆ ಜಾರುತ್ತದೆ, ಜಗಲಿಯ ಅಂಚಿನವರೆಗೂ ಉರುಳುತ್ತದೆ. ನಮ್ಮ ಕೈ ತಾನಾಗಿಯೇ ಮುಂದಾಗುತ್ತದೆ. ತಡೆದುಕೊಳ್ಳಬೇಕು. ಅವರೇ ಇನ್ನೊಂದನ್ನು ಹೆಕ್ಕಲಿ.

ಟಾಬ್ ಅವರ ಚಿಕಿತ್ಸೆ ಎಲ್ಲರಿಗೂ ಒಗ್ಗುವುದಿಲ್ಲ. ಮಣಿಕಟ್ಟನ್ನೂ ಬೆರಳುಗಳನ್ನೂ ಸ್ವಲ್ಪವಾದರೂ ಮೇಲೆತ್ತಲು ಬರುವವರಿಗಷ್ಟೇ ಅದು. ಲಕ್ವ ಹೊಡೆದ ಮೊದಲ ದಿನಗಳಲ್ಲಿ ಅತಿಯಾದ ವ್ಯಾಯಾಮ ಸಲ್ಲದು. ನಡೆಯುವಾಗ ತೂರಾಡುವವರ ಒಳ್ಳೆಯ ಕೈಯನ್ನು ಕಟ್ಟುವುದಂತೂ ಅಪಾಯ. ಮೊದಲು ಫಿಸಿಯೋಥೆರಪಿಸ್ಟರಿಗೆ ತೋರಿಸಲೇಬೇಕು. ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗಕ್ಕೆ ದಿನವೂ ಓಡಾಡಲು ವಯಸ್ಸಾದವರಿಂದಾಗದು. ರಜೆಯಲ್ಲಿ ನೀವೇ ಕರೆದೊಯ್ಯಿರಿ. ಫಿಸಿಯೋಥೆರಪಿಸ್ಟರು ಹೇಳಿಕೊಡುವ ಅಭ್ಯಾಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಮನೆಯಲ್ಲಿ ನೋಡಿಕೊಳ್ಳುವವರಿಗೂ ಕಲಿಸಿ ಬನ್ನಿ.